ಪೋಲಿಷ್ ಕ್ರಿಯಾರೂಪಗಳ ಆಘಾತ: ಎಣಿಕೆಯೋ, ಗಡಿಯೋ?

ಭಾಷಾವಿಜ್ಞಾನದ ಪ್ರಾಥಮಿಕ ಪಠ್ಯಗಳಲ್ಲಿ ನಿಯತ ಆಘಾತವುಳ್ಳ ಭಾಷೆಗಳಿಗೆ ನಿದರ್ಶನವಾಗಿ ಚೆಕ್, ಫ್ರೆಂಚ್ ಮತ್ತು ಪೋಲಿಷ್ ಭಾಷೆಗಳನ್ನು ಒಟ್ಟಿಗೆ ಹೆಸರಿಸುವುದು ರೂಢಿ. ಚೆಕ್ ಭಾಷೆಯಲ್ಲಿ ಪದದ ಮೊದಲ ಉಚ್ಚಾರಾಂಶದ ಮೇಲೆ, ಫ್ರೆಂಚಿನಲ್ಲಿ ಕೊನೆಯದರ ಮೇಲೆ, ಪೋಲಿಷಿನಲ್ಲಿ ಕೊನೆಯದರ ಹಿಂದಿನದರ ಮೇಲೆ, ಅಂದರೆ ಉಪಾಂತ್ಯದ ಮೇಲೆ, ಆಘಾತ ಬೀಳುತ್ತದೆ ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಈ ಹೇಳಿಕೆ ಸುಳ್ಳಲ್ಲ. ಪೋಲಿಷ್ ಭಾಷೆಯ ಬಹುಪಾಲು ಪದಗಳು ಇದಕ್ಕೆ ವಿಧೇಯವಾಗಿವೆ. ಆದರೆ ಆ ಭಾಷೆಯ ದೀರ್ಘ ಕ್ರಿಯಾರೂಪಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಹೇಳಿಕೆ ಸಾಲದಾಗುತ್ತದೆ. ಅಲ್ಲಿ ಆಘಾತವು ಕೊನೆಯಿಂದ ಮೂರನೆಯ, ಕೆಲವೊಮ್ಮೆ ನಾಲ್ಕನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ವ್ಯಾಕರಣಗಳು ಇವನ್ನು ಅಪವಾದಗಳೆಂದು ಪಟ್ಟಿಮಾಡುತ್ತವೆ. ಶಾಲೆಯಲ್ಲಿ ಮಕ್ಕಳು ಆ ಪಟ್ಟಿಯನ್ನು ಕಲಿಯುತ್ತಾರೆ. ಕಲಿತಂತೆ ನುಡಿಯದವರನ್ನು ಅಶಿಷ್ಟರೆಂದು ತಿದ್ದಲಾಗುತ್ತದೆ.

ಅಪವಾದಗಳ ಈ ಪಟ್ಟಿ ತಪ್ಪಾದ ಪ್ರಶ್ನೆಗೆ ದೊರೆತ ಉತ್ತರವೆಂಬುದು ನನ್ನ ಅಭಿಪ್ರಾಯ. ಆಘಾತ ಎಷ್ಟನೆಯ ಉಚ್ಚಾರಾಂಶದ ಮೇಲಿದೆ ಎಂದು ಎಣಿಸುವುದಕ್ಕೆ ಮೊದಲು, ಎಣಿಕೆಗೆ ಒಳಪಡುವ ಪದ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಧರಿಸಬೇಕು. ಆ ಗಡಿ ಸರಿಯಾಗಿ ಗುರುತಾದರೆ ಅಪವಾದವೆಂಬುದು ಉಳಿಯುವುದಿಲ್ಲ. ಅಷ್ಟೇ ಅಲ್ಲದೆ, ಇಂದು ತಪ್ಪೆಂದು ಕರೆಯಲ್ಪಡುವ ಉಚ್ಚಾರಣೆಯೂ ಅದೇ ನಿಯಮದ ಇನ್ನೊಂದು ಅನ್ವಯವೆಂದು ತಿಳಿದುಬರುತ್ತದೆ.

1. ಪರಿಭಾಷೆ ಮತ್ತು ಲಿಪ್ಯಂತರ

ಕನ್ನಡದಲ್ಲಿ ‘ಒತ್ತು’ ಎಂಬ ಪದಕ್ಕೆ ಒತ್ತಕ್ಷರದ ಅರ್ಥವೂ ಮಹಾಪ್ರಾಣದ ಅರ್ಥವೂ ಇರುವುದರಿಂದ, ಗೊಂದಲ ತಪ್ಪಿಸಲು ಇಲ್ಲಿ ‘ಆಘಾತ’ ಎಂಬ ಪದವನ್ನು ಬಳಸಲಾಗಿದೆ. ಒಂದು ಸ್ವರವನ್ನು ಕೇಂದ್ರವಾಗಿ ಉಳ್ಳ ಉಚ್ಚಾರಣೆಯ ಘಟಕವೇ ‘ಉಚ್ಚಾರಾಂಶ’. ಪೋಲಿಷ್ ಭಾಷೆಯಲ್ಲಿ ಇಂದು ಹ್ರಸ್ವ-ದೀರ್ಘಗಳ ಭೇದವಿಲ್ಲವಾದ್ದರಿಂದ ಸ್ವರಗಳನ್ನೆಲ್ಲ ಹ್ರಸ್ವವಾಗಿಯೇ ಬರೆದಿದೆ. ಆ ಭಾಷೆಯಲ್ಲಿ ಶಕಾರ ಮತ್ತು ಷಕಾರಗಳಿಗೆ ಹತ್ತಿರವಾದ ಎರಡು ಬೇರೆ ಧ್ವನಿಗಳಿರುವುದರಿಂದ ನಮ್ಮ ಲಿಪಿ ಈ ವಿಷಯದಲ್ಲಿ ರೋಮನ್ ಲಿಪಿಗಿಂತ ಅನುಕೂಲಕರ. ಇಕಾರಕ್ಕೆ ಹತ್ತಿರವಾದ ಎರಡು ಸ್ವರಗಳನ್ನು ಇಕಾರದಿಂದಲೂ, ವಕಾರಕ್ಕೆ ಹತ್ತಿರವಾದ ಎರಡು ಧ್ವನಿಗಳನ್ನು ವಕಾರದಿಂದಲೂ ಸೂಚಿಸಿದೆ.

2. ಉಚ್ಚಾರಾಂಶಗಳ ವಿಭಜನೆ

ಆಘಾತದ ಚರ್ಚೆಗೆ ಉಚ್ಚಾರಾಂಶಗಳ ಎಣಿಕೆ ಆಧಾರ. ಪೋಲಿಷಿನಲ್ಲಿ ಈ ಎಣಿಕೆ ಹೊರಗಿನವರಿಗೆ ತೋರುವಷ್ಟು ಕಠಿಣವಲ್ಲ. ಒಂದು ಸ್ವರಕ್ಕೆ ಒಂದು ಉಚ್ಚಾರಾಂಶ. ಅದರ ಮುಂದೆ ಎಷ್ಟು ವ್ಯಂಜನಗಳು ಗುಂಪುಗೂಡಿದರೂ ಎಣಿಕೆ ಬದಲಾಗುವುದಿಲ್ಲ. ‘ನಾವು ತಡೆಹಿಡಿದೆವು’ ಎಂಬ ಅರ್ಥದ ರೂಪವು ಫ್ಸ್ತ್ಷಿ-ಮ-ಲಿ-ಶ್ಮಿ ಎಂದು ನಾಲ್ಕೇ ಉಚ್ಚಾರಾಂಶಗಳಾಗಿ ಒಡೆಯುತ್ತದೆ. ಮೊದಲನೆಯದರ ಆರಂಭದಲ್ಲಿ ನಾಲ್ಕು ವ್ಯಂಜನಗಳಿದ್ದರೂ ಅದು ಒಂದೇ.

ತೊಡಕು ಬರುವುದು ಲಿಪಿಯಿಂದ. ಪೋಲಿಷ್ ಬರವಣಿಗೆಯಲ್ಲಿ ಇಕಾರದ ಚಿಹ್ನೆ ಇನ್ನೊಂದು ಸ್ವರದ ಮುಂದೆ ಬಂದಾಗ ಸಾಮಾನ್ಯವಾಗಿ ಹಿಂದಿನ ವ್ಯಂಜನದ ತಾಲವ್ಯತೆಯನ್ನು ಮಾತ್ರ ಸೂಚಿಸುತ್ತದೆ. ಅದಕ್ಕೆ ಪ್ರತ್ಯೇಕ ಉಚ್ಚಾರಾಂಶವಿಲ್ಲ. ‘ನೀವು ಬರೆದಿರಿ’ ಎಂಬರ್ಥದ ಪಿಸಲಿಶ್ಚೆ ಎಂಬುದರ ಕೊನೆಯಲ್ಲಿ ಬರಹದಲ್ಲಿ ಎರಡು ಸ್ವರಚಿಹ್ನೆಗಳಿದ್ದರೂ ಉಚ್ಚಾರಣೆಯಲ್ಲಿರುವುದು ಒಂದೇ ಸ್ವರ. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ‘ನಾವು ಗಮನಿಸಿದೆವು’ ಎಂಬರ್ಥದ ಜ-ಉ-ವ-ಝಿ-ಲಿ-ಶ್ಮಿ ಎಂಬಲ್ಲಿ ಮೊದಲ ಎರಡು ಸ್ವರಗಳು ಅಕ್ಕಪಕ್ಕದಲ್ಲಿದ್ದರೂ ಬೆರೆಯುವುದಿಲ್ಲ. ‘ಜ’ ಉಪಸರ್ಗ, ಧಾತು ಆರಂಭವಾಗುವುದು ಉಕಾರದಿಂದ. ಹೀಗೆ ಉಚ್ಚಾರಾಂಶಗಳ ವಿಭಜನೆಯಲ್ಲಿಯೂ ಪದದ ಒಳರಚನೆಯ ಅರಿವು ಬೇಕಾಗುತ್ತದೆಂಬುದು ಗಮನಾರ್ಹ.

ಕನ್ನಡ ಛಂದಸ್ಸಿನಲ್ಲಿ ಪಳಗಿದ ಕಿವಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಪಿಸಲಿಶ್ಮಿ ಎಂಬುದನ್ನು ಲಿಪಿಯ ಪ್ರಕಾರ ಪಿ-ಸ-ಲಿ-ಶ್ಮಿ ಎಂದು ಬಿಡಿಸುತ್ತೇವೆ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ‘ಲಿ’ಯನ್ನು ಗುರುವೆಂದು ಪರಿಗಣಿಸುತ್ತೇವೆ. ಪೋಲಿಷ್ ಬರಹದ ನಿಯಮಗಳು ಸಾಲಿನ ಕೊನೆಯಲ್ಲಿ ಇಂತಹ ವ್ಯಂಜನ ಗುಂಪನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಒಡೆಯಲು ಅವಕಾಶ ಕೊಡುತ್ತವೆ. ಆದರೆ ಶಕಾರವು ಹಿಂದಿನ ಉಚ್ಚಾರಾಂಶಕ್ಕೆ ಸೇರಲಿ, ಮುಂದಿನದಕ್ಕೆ ಸೇರಲಿ, ಆಘಾತಕ್ಕೆ ಅದರಿಂದ ವ್ಯತ್ಯಾಸವಿಲ್ಲ. ಅಲ್ಲಿನ ಆಘಾತ ಗುರುಲಘುಗಳನ್ನು ತೂಗುವುದಿಲ್ಲ; ಸ್ವರಗಳನ್ನು ಎಣಿಸುತ್ತದೆ, ಅಷ್ಟೆ. ಆದ್ದರಿಂದ ದೀರ್ಘ ಕ್ರಿಯಾರೂಪಗಳ ಸಮಸ್ಯೆ ವ್ಯಂಜನಗಳನ್ನು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಇಲ್ಲ. ಪದವನ್ನು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಇದೆ.

3. ಎಣಿಕೆಯ ಸೂತ್ರ ಮತ್ತು ಅದರ ಕೊರತೆ

‘ಬರೆ’ ಎಂಬರ್ಥದ ಧಾತುವಿನ ನಾಲ್ಕು ರೂಪಗಳನ್ನು ಪರಿಶೀಲಿಸೋಣ. ‘ಅವರು ಬರೆದರು’ ಎಂಬುದಕ್ಕೆ ಪಿಸಲಿ. ‘ನಾವು ಬರೆದೆವು’ ಎಂಬುದಕ್ಕೆ ಪಿಸಲಿಶ್ಮಿ. ‘ಅವಕಾಶವಿದ್ದರೆ ಅವರು ಬರೆದಾರು’ ಎಂಬ ಸಂಭಾವನೆಯ ಅರ್ಥಕ್ಕೆ ಪಿಸಲಿಬಿ. ಅದೇ ಅರ್ಥದಲ್ಲಿ ‘ನಾವು ಬರೆದೇವು’ ಎಂಬುದಕ್ಕೆ ಪಿಸಲಿಬಿಶ್ಮಿ. ಶಿಷ್ಟ ಉಚ್ಚಾರಣೆಯಲ್ಲಿ ಈ ನಾಲ್ಕರಲ್ಲಿಯೂ ಆಘಾತ ‘ಸ’ ಎಂಬ ಉಚ್ಚಾರಾಂಶದ ಮೇಲೆಯೇ ಇದೆ. ಕೊನೆಯಿಂದ ಎಣಿಸಿದರೆ ಅದು ಕ್ರಮವಾಗಿ ಎರಡನೆಯದು, ಮೂರನೆಯದು, ಮೂರನೆಯದು ಮತ್ತು ನಾಲ್ಕನೆಯದು.

ರೂಢಿಯ ಸೂತ್ರ ಇದನ್ನು ಮೂರು ವಿಧಿಗಳಾಗಿ ಹೇಳುತ್ತದೆ: ಸಾಮಾನ್ಯವಾಗಿ ಎರಡನೆಯದರ ಮೇಲೆ, ಭೂತಕಾಲದ ಉತ್ತಮ ಮತ್ತು ಮಧ್ಯಮ ಪುರುಷಗಳ ಬಹುವಚನದಲ್ಲಿ ಹಾಗೂ ಸಂಭಾವನಾರ್ಥಕದ ಏಕವಚನದಲ್ಲಿಯೂ ಪ್ರಥಮ ಪುರುಷದ ಬಹುವಚನದಲ್ಲಿಯೂ ಮೂರನೆಯದರ ಮೇಲೆ, ಸಂಭಾವನಾರ್ಥಕದ ಉತ್ತಮ ಮತ್ತು ಮಧ್ಯಮ ಪುರುಷಗಳ ಬಹುವಚನದಲ್ಲಿ ನಾಲ್ಕನೆಯದರ ಮೇಲೆ. ಸೂತ್ರ ನಿಖರವಾಗಿದೆ, ಆದರೆ ಅದು ಏನನ್ನೂ ವಿವರಿಸುವುದಿಲ್ಲ. ನಾಲ್ಕು ರೂಪಗಳಲ್ಲಿಯೂ ಆಘಾತ ಕದಲದೆ ನಿಂತಿದೆ ಎಂಬ ಮುಖ್ಯ ಸಂಗತಿಯೇ ಈ ಎಣಿಕೆಯಲ್ಲಿ ಮರೆಯಾಗುತ್ತದೆ. ಬದಲಾಗುತ್ತಿರುವುದು ಅದರ ಹಿಂದೆ ಬಂದು ಸೇರುವ ಅಂಶಗಳ ಸಂಖ್ಯೆ ಮಾತ್ರ.

ರೂಪ ಎಷ್ಟೇ ಉದ್ದವಾದರೂ ಇದೇ ಸ್ಥಿತಿ. ‘ನಾವು ಸಂಘಟಿಸಿಯೇವು’ ಎಂಬರ್ಥದ ಜೊರ್-ಗ-ನಿ-ಜೊ-ವ-ಲಿ-ಬಿ-ಶ್ಮಿ ಎಂಬುದರಲ್ಲಿ ಎಂಟು ಉಚ್ಚಾರಾಂಶಗಳಿವೆ. ಆಘಾತ ‘ವ’ ಮೇಲೆ. ಕೊನೆಯ ಬಿ-ಶ್ಮಿ ಎಂಬುದನ್ನು ಬದಿಗಿಟ್ಟು ಉಳಿದುದನ್ನು ನೋಡಿದರೆ ‘ವ’ ಎಂಬುದು ಉಪಾಂತ್ಯವೇ. ಅಂದರೆ ಉಪಾಂತ್ಯದ ನಿಯಮ ಇಲ್ಲಿ ಮುರಿದಿಲ್ಲ. ಅದು ಅನ್ವಯವಾಗುವ ಪದ ಬರಹದಲ್ಲಿ ಕಾಣುವ ಪದಕ್ಕಿಂತ ಚಿಕ್ಕದು.

4. ಆಶ್ರಿತಾಂಶಗಳ ಚರಿತ್ರೆ

ಈ ಚಿಕ್ಕ ಪದ ನಮ್ಮ ಊಹೆಯಲ್ಲ. ಹಳೆಯ ಪೋಲಿಷಿನಲ್ಲಿ ಭೂತಕಾಲವು ಎರಡು ಪದಗಳ ರಚನೆಯಾಗಿತ್ತು: ಲಕಾರಾಂತವಾದ ಒಂದು ಕೃದಂತ, ಜೊತೆಗೆ ‘ಇರು’ ಎಂಬರ್ಥದ ಸಹಾಯಕ ಕ್ರಿಯಾಪದದ ವರ್ತಮಾನ ರೂಪ. ಕಾಲಕ್ರಮದಲ್ಲಿ ಸಹಾಯಕ ಕ್ರಿಯಾಪದ ಸವೆದು ‘ಶ್ಮಿ’, ‘ಶ್ಚೆ’ ಮುಂತಾದ ತುಣುಕುಗಳಾಗಿ ಉಳಿಯಿತು. ಪ್ರಥಮ ಪುರುಷದಲ್ಲಿ ಸಹಾಯಕ ಕ್ರಿಯಾಪದ ಪೂರ್ತಿಯಾಗಿ ಬಿದ್ದುಹೋದುದರಿಂದಲೇ ಅಲ್ಲಿ ಪುರುಷಸೂಚಕವಾದ ಅಂತ್ಯವಿಲ್ಲ. ಸಂಭಾವನಾರ್ಥಕದ ‘ಬಿ’ಯೂ ಅದೇ ‘ಇರು’ ಧಾತುವಿನ ಒಂದು ಪ್ರಾಚೀನ ಭೂತರೂಪದಿಂದ ಬಂದದ್ದು.

ಸೋದರ ಭಾಷೆಗಳೊಂದಿಗೆ ಹೋಲಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಚೆಕ್ ಭಾಷೆಯಲ್ಲಿ ಈ ಸಹಾಯಕ ಕ್ರಿಯಾಪದ ಇಂದಿಗೂ ಬೇರೆ ಪದವಾಗಿಯೇ ಉಳಿದಿದೆ. ರಷ್ಯನ್ ಭಾಷೆಯಲ್ಲಿ ಅದು ಸಂಪೂರ್ಣವಾಗಿ ಲೋಪಗೊಂಡು, ಪುರುಷವನ್ನು ಸರ್ವನಾಮದಿಂದ ಮಾತ್ರ ತಿಳಿಯಬೇಕಾಗಿದೆ. ಪೋಲಿಷ್ ಈ ಎರಡರ ನಡುವೆ ನಿಂತಿದೆ: ಸಹಾಯಕ ಕ್ರಿಯಾಪದ ಹಿಂದಿನ ಪದಕ್ಕೆ ಒರಗಿಕೊಂಡಿದೆ, ಆದರೆ ಪೂರ್ತಿಯಾಗಿ ಕರಗಿಲ್ಲ.

ಕರಗಿಲ್ಲವೆಂಬುದಕ್ಕೆ ಇಂದಿನ ಭಾಷೆಯಲ್ಲಿಯೇ ಸಾಕ್ಷ್ಯವಿದೆ. ‘ಶ್ಮಿ’ ಎಂಬುದು ಕ್ರಿಯಾಪದಕ್ಕೇ ಅಂಟಿಕೊಂಡಿರಬೇಕೆಂಬ ಕಡ್ಡಾಯವಿಲ್ಲ. ‘ನಾವು’ ಎಂಬರ್ಥದ ‘ಮಿ’ ಎಂಬ ಸರ್ವನಾಮಕ್ಕೆ ಸೇರಿ ಮಿಶ್ಮಿ ಪಿಸಲಿ ಎಂದಾಗಬಹುದು; ‘ಯಾವಾಗ’ ಎಂಬರ್ಥದ ಕ್ಯೆದಿ ಎಂಬುದಕ್ಕೆ ಸೇರಿ ಕ್ಯೆದಿಶ್ಮಿ ಪಿಸಲಿ ಎಂದಾಗಬಹುದು. ಕ್ಯೆದಿ ಎಂಬ ಪದದ ಆಘಾತ ಮೊದಲ ಉಚ್ಚಾರಾಂಶದ ಮೇಲಿದೆ. ‘ಶ್ಮಿ’ ಸೇರಿದ ಮೇಲೂ ಶಿಷ್ಟ ಉಚ್ಚಾರಣೆಯಲ್ಲಿ ಅದು ಅಲ್ಲಿಯೇ ಉಳಿಯುತ್ತದೆ. ಕ್ರಿಯಾಪದವಾಗಲಿ, ಅವ್ಯಯವಾಗಲಿ, ಈ ತುಣುಕು ಯಾವುದಕ್ಕೆ ಒರಗಿದರೂ ಅದರ ಆಘಾತವನ್ನು ಕದಲಿಸುವುದಿಲ್ಲ. ತಾನಾಗಿ ನಿಲ್ಲಲಾರದ, ಆದರೆ ಆಶ್ರಯ ಕೊಟ್ಟ ಪದದ ಒಳಗೂ ಸೇರದ ಇಂತಹ ಅಂಶವನ್ನು ‘ಆಶ್ರಿತಾಂಶ’ವೆಂದು ಕರೆಯಬಹುದು. ‘ಬಿ’ಯ ಚಲನೆ ಇನ್ನೂ ಸ್ವಚ್ಛಂದವಾಗಿದೆ, ಅದು ಕ್ರಿಯಾಪದಕ್ಕಿಂತ ಬಹಳ ಮುಂಚೆಯೇ ವಾಕ್ಯದಲ್ಲಿ ಕಾಣಿಸಿಕೊಳ್ಳಬಲ್ಲದು.

ಬರಹವನ್ನು ಆಧಾರವಾಗಿಟ್ಟುಕೊಂಡು ಇದನ್ನು ನಿರ್ಣಯಿಸಲಾಗದು. ಪುರುಷವಾಚಕ ಕ್ರಿಯಾರೂಪದೊಂದಿಗೆ ‘ಬಿ’ಯನ್ನು ಕೂಡಿಸಿ ಬರೆಯುತ್ತಾರೆ, ಅಪುರುಷವಾಚಕ ರೂಪಗಳೊಂದಿಗೆ ಬಿಡಿಸಿ ಬರೆಯುತ್ತಾರೆ. ಪೋಲಿಷ್ ಭಾಷಾ ಮಂಡಳಿ 2024ರಲ್ಲಿ ಪ್ರಕಟಿಸಿ 2026ರ ಜನವರಿ 1ರಿಂದ ಜಾರಿಗೆ ಬರುವಂತೆ ನಿಗದಿಪಡಿಸಿದ ಬರಹ ಸುಧಾರಣೆಯಲ್ಲಿ ಸಮುಚ್ಚಯಾವ್ಯಯಗಳೊಂದಿಗೂ ಇದನ್ನು ಬಿಡಿಸಿ ಬರೆಯಬೇಕೆಂಬ ವಿಧಿ ಸೇರಿದೆ. ಎರಡು ಪದಗಳ ನಡುವಿನ ತೆರಪು ಮಂಡಳಿಯ ತೀರ್ಮಾನಕ್ಕೆ ಒಳಪಟ್ಟದ್ದು, ಆಘಾತ ಹಾಗಲ್ಲ.

5. ಏಕವಚನದ ಸಾಕ್ಷ್ಯ

ಇಲ್ಲಿ ಒಂದು ಆಕ್ಷೇಪ ಏಳಬಹುದು. ಆಶ್ರಿತಾಂಶಗಳು ಆಘಾತವನ್ನು ಕದಲಿಸುವುದಿಲ್ಲವಾದರೆ ಏಕವಚನದಲ್ಲಿಯೂ ಹಾಗೆಯೇ ಇರಬೇಕಲ್ಲವೆ? ‘ಅವನು ಬರೆದನು’ ಎಂಬುದಕ್ಕೆ ಪಿಸವ್; ಆಘಾತ ‘ಪಿ’ ಮೇಲೆ. ‘ನಾನು ಬರೆದೆನು’ ಎಂದು ಪುರುಷನೊಬ್ಬ ಹೇಳುವಾಗ ಪಿಸವೆಮ್. ಆಘಾತ ‘ಸ’ ಮೇಲೆ. ಸ್ತ್ರೀಲಿಂಗದಲ್ಲಿ ಸೇರುವುದು ಮಕಾರವೊಂದೇ ಆದುದರಿಂದ ಉಚ್ಚಾರಾಂಶಗಳ ಸಂಖ್ಯೆ ಬದಲಾಗುವುದಿಲ್ಲ. ಆ ರೂಪ ಯಾವ ವಾದಕ್ಕೂ ಸಾಕ್ಷಿಯಾಗದು. ಆದರೆ ಪುಲ್ಲಿಂಗದಲ್ಲಿ ‘ಎಮ್’ ಸೇರಿದೊಡನೆ ಆಘಾತ ಒಂದು ಹೆಜ್ಜೆ ಸರಿದಿದೆ.

ಈ ಆಕ್ಷೇಪವೇ ವಾದಕ್ಕೆ ಬಲ ಕೊಡುತ್ತದೆ. ಏಕವಚನದ ಈ ಅಂತ್ಯವೂ ಮೂಲತಃ ಅದೇ ಸಹಾಯಕ ಕ್ರಿಯಾಪದದಿಂದ ಬಂದದ್ದು. ಆದರೆ ಇಂದಿನ ಶಿಷ್ಟ ಭಾಷೆಯಲ್ಲಿ ಅದು ಕ್ರಿಯಾಪದವನ್ನು ಬಿಟ್ಟು ಇನ್ನೊಂದು ಪದಕ್ಕೆ ಸೇರುವುದು ಹಳೆಯ ಮಾತಿನಂತೆಯೋ ಗ್ರಾಮ್ಯದಂತೆಯೋ ಕೇಳಿಸುತ್ತದೆ. ಸಂಚಾರ ನಿಂತು ಅದು ಕ್ರಿಯಾಪದದಲ್ಲಿಯೇ ನೆಲೆಸಿದೆ. ಪದದ ಒಳಗಿನ ಸ್ವರವನ್ನು ಮಾರ್ಪಡಿಸುವಷ್ಟು ಅದು ಒಳಹೊಕ್ಕಿದೆ: ‘ಅವನಿಗೆ ಸಾಧ್ಯವಾಯಿತು’ ಎಂಬುದಕ್ಕೆ ಮುಗ್ವ್, ‘ನನಗೆ ಸಾಧ್ಯವಾಯಿತು’ ಎಂಬುದಕ್ಕೆ ಮೊಗ್ವೆಮ್. ಹೀಗೆ ಸಂಚಾರ ಕಳೆದುಕೊಂಡ ಅಂಶ ಪ್ರತ್ಯಯವಾಗುತ್ತದೆ; ಪ್ರತ್ಯಯವಾದದ್ದು ಎಣಿಕೆಯೊಳಗೆ ಬರುತ್ತದೆ. ಏಕವಚನದಲ್ಲಿ ಈ ಪರಿವರ್ತನೆ ಮುಗಿದಿದೆ, ಬಹುವಚನದಲ್ಲಿ ನಡೆಯುತ್ತಿದೆ, ಸಂಭಾವನಾರ್ಥಕದಲ್ಲಿ ಹಿಂದುಳಿದಿದೆ. ಒಂದೇ ಭಾಷೆಯಲ್ಲಿ, ಒಂದೇ ಕಾಲದಲ್ಲಿ, ಪದವೊಂದು ಪ್ರತ್ಯಯವಾಗುವ ಮೂರು ಹಂತಗಳನ್ನು ಆಘಾತ ನಮಗೆ ಒಟ್ಟಿಗೆ ತೋರಿಸುತ್ತಿದೆ.

6. ‘ತಪ್ಪು’ ಎಂಬ ತೀರ್ಪು

ಇಂದಿನ ಪೋಲೆಂಡಿನಲ್ಲಿ ಅನೇಕರು ಪಿಸಲಿಶ್ಮಿ ಎಂಬುದರಲ್ಲಿ ‘ಲಿ’ಯ ಮೇಲೆ ಆಘಾತವಿಟ್ಟು ನುಡಿಯುತ್ತಾರೆ. ಅಧ್ಯಾಪಕರೂ ಉಚ್ಚಾರಣೆಯ ಮಾರ್ಗದರ್ಶಕರೂ ಇದನ್ನು ಬಹುಕಾಲದಿಂದ ತಿದ್ದುತ್ತ ಬಂದಿದ್ದಾರೆ. 1999ರಲ್ಲಿ ಆಂದ್ಝೆಯ್ ಮಾರ್ಕೊವ್ಸ್ಕಿಯವರ ಸಂಪಾದಕತ್ವದಲ್ಲಿ ಪ್ರಕಟವಾದ ಶುದ್ಧ ಪೋಲಿಷ್ ಪ್ರಯೋಗಗಳ ನಿಘಂಟು ಮಾದರಿ ಪ್ರಮಾಣ ಮತ್ತು ಬಳಕೆಯ ಪ್ರಮಾಣ ಎಂಬ ಎರಡು ಸ್ತರಗಳನ್ನು ಗುರುತಿಸಿತು. ಭೂತಕಾಲದ ಬಹುವಚನದಲ್ಲಿ ಉಪಾಂತ್ಯದ ಆಘಾತವನ್ನು ದೈನಂದಿನ ಮಾತಿನ ಮಟ್ಟಿಗೆ ಒಪ್ಪಿಕೊಳ್ಳುವ ನಿಲುವು ಇಂತಹ ವಿಂಗಡಣೆಯಿಂದ ಸಾಧ್ಯವಾಯಿತು. ಇದು ಉದಾರವಾದ ಹೆಜ್ಜೆ. ಆದರೂ ಇದರಲ್ಲಿ ಕೇಳಿಸುವುದು ರಿಯಾಯಿತಿಯ ಧ್ವನಿ. ತಪ್ಪನ್ನು ಸಹಿಸಿಕೊಳ್ಳುವುದು ಬೇರೆ, ಅದರ ಕಾರಣವನ್ನು ಅರಿಯುವುದು ಬೇರೆ.

‘ಲಿ’ಯ ಮೇಲೆ ಆಘಾತವಿಡುವ ಭಾಷಿಕ ನಿಯಮವನ್ನು ಮರೆತಿಲ್ಲ. ಅವನು ‘ಶ್ಮಿ’ಯನ್ನು ಪದದ ಒಳಗೆ ಸೇರಿಸಿಕೊಂಡು ಅದೇ ಉಪಾಂತ್ಯದ ನಿಯಮವನ್ನು ಪಾಲಿಸುತ್ತಿದ್ದಾನೆ. ಏಕವಚನದಲ್ಲಿ ಅವನ ಪೂರ್ವಿಕರು ಮಾಡಿದ್ದನ್ನೇ ಅವನು ಬಹುವಚನದಲ್ಲಿ ಮಾಡುತ್ತಿದ್ದಾನೆ. ಪಿಸವೆಮ್ ಎಂಬುದರಲ್ಲಿ ಸರಿದ ಆಘಾತವನ್ನು ಶಿಷ್ಟವೆಂದು ಕಲಿಸಿ, ಪಿಸಲಿಶ್ಮಿ ಎಂಬುದರಲ್ಲಿ ಸರಿದ ಆಘಾತವನ್ನು ಅಶಿಷ್ಟವೆಂದು ತಿದ್ದುವ ಗುರುವಿಗೆ ತನ್ನ ತೀರ್ಪಿನ ಆಧಾರವೇನೆಂದು ಹೇಳುವ ಹೊಣೆಯಿದೆ. ಪದ್ಧತಿ ಎಂಬುದು ಒಂದು ಆಧಾರವಾಗಬಹುದು. ವ್ಯಾಕರಣದ ತರ್ಕ ಅವನ ಪರವಾಗಿಲ್ಲ.

ಇದು ಕೇವಲ ಅಪವಾದಗಳು ಸಮೀಕರಣಗೊಳ್ಳುವ ಸಾಮಾನ್ಯ ಪ್ರವೃತ್ತಿ, ಗಡಿಯ ಪ್ರಶ್ನೆಯೇನೂ ಇಲ್ಲ ಎಂದು ವಾದಿಸುವವರಿದ್ದಾರೆ. ‘ಗಣಿತ’ ಎಂಬರ್ಥದ ಮತೆಮತಿಕ ಎಂಬ ಎರವಲು ಪದದಲ್ಲಿ ಕೊನೆಯಿಂದ ಮೂರನೆಯದರ ಮೇಲಿರುವ ಆಘಾತವೂ ಆಡುಮಾತಿನಲ್ಲಿ ಉಪಾಂತ್ಯಕ್ಕೆ ಸರಿಯುತ್ತಿದೆಯೆಂಬುದು ಅವರ ಆಧಾರ. ಆದರೆ ಇವೆರಡೂ ಒಂದೇ ಬಗೆಯವಲ್ಲ. ಆ ನಾಮಪದಕ್ಕೆ ಎರಡು ಉಚ್ಚಾರಾಂಶಗಳ ವಿಭಕ್ತಿ ಪ್ರತ್ಯಯ ಸೇರಿ ಮತೆಮತಿಕಮಿ ಎಂದಾದಾಗ ಆಘಾತ ಕೂಡಲೇ ಉಪಾಂತ್ಯವಾದ ‘ಕ’ಕ್ಕೆ ಬರುತ್ತದೆ. ಅಲ್ಲಿ ಅಪವಾದ ಕೆಲವು ರೂಪಗಳಿಗೆ ಮಾತ್ರ ಸೀಮಿತ. ಕ್ರಿಯಾಪದದಲ್ಲಾದರೋ ಆಶ್ರಿತಾಂಶಗಳು ಎಷ್ಟು ಸೇರಿದರೂ ಶಿಷ್ಟ ಆಘಾತ ಕದಲುವುದಿಲ್ಲ. ಒಂದು ಪದದ ಸ್ವಭಾವ, ಇನ್ನೊಂದು ಪದದ ಗಡಿ.

ಈ ಸೂಕ್ಷ್ಮತೆ ಭಾಷಿಕರ ಕಿವಿಯಲ್ಲಿಯೂ ನೆಲೆಸಿರಬಹುದು. ಶ್ಯಾರನ್ ಪೆಪರ್‌ಕ್ಯಾಂಪ್ ಮತ್ತು ಎಮಾನುಯೆಲ್ ದುಪೂ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ರೆಂಚ್, ಫಿನ್ನಿಷ್ ಮತ್ತು ಹಂಗೇರಿಯನ್ ಭಾಷಿಕರು ಆಘಾತದ ಸ್ಥಾನಭೇದವನ್ನು ನೆನಪಿಟ್ಟುಕೊಳ್ಳಲು ಬಹಳ ಕಷ್ಟಪಟ್ಟರೆ, ಪೋಲಿಷ್ ಭಾಷಿಕರ ಕಷ್ಟ ಅಷ್ಟಿರಲಿಲ್ಲ. ಪೂರ್ತಿ ನಿಯತವಲ್ಲದ ಆಘಾತವನ್ನು ಬಾಲ್ಯದಿಂದ ಕೇಳಿದ ಕಿವಿ ಆಘಾತಕ್ಕೆ ಪೂರ್ತಿ ಕಿವುಡಾಗುವುದಿಲ್ಲವೆಂದು ಇದನ್ನು ಅರ್ಥೈಸಬಹುದು.

ಹಾಗೆಂದು ಹಳೆಯ ಉಚ್ಚಾರಣೆಯನ್ನು ಕಲಿಸುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ರಂಗಭೂಮಿಗೂ ಕಾವ್ಯವಾಚನಕ್ಕೂ ಅದು ಅಗತ್ಯ. ಮಿತ್ಸ್ಕ್ಯೆವಿಚ್ 1834ರಲ್ಲಿ ಪ್ರಕಟಿಸಿದ ‘ಪಾನ್ ತದೆಉಷ್’ ಮಹಾಕಾವ್ಯದ ಸಾಲು ಹದಿಮೂರು ಉಚ್ಚಾರಾಂಶಗಳದು. ಏಳರ ನಂತರ ಯತಿ, ಆಮೇಲೆ ಆರು. ಯತಿಯ ಮುಂಚಿನ ಮತ್ತು ಸಾಲಿನ ಕೊನೆಯ ಆಘಾತಗಳು ಉಪಾಂತ್ಯದಲ್ಲಿ ಬರುವುದು ಈ ಛಂದಸ್ಸಿನ ಲಕ್ಷಣ. ಉಚ್ಚಾರಾಂಶಗಳನ್ನು ಎಣಿಸುವಾಗ ‘ಶ್ಮಿ’ ಲೆಕ್ಕಕ್ಕೆ ಬರುತ್ತದೆ, ಆಘಾತವನ್ನು ಇಡುವಾಗ ಬರುವುದಿಲ್ಲ. ಒಂದೇ ಸಾಲಿನಲ್ಲಿ ಈ ಎರಡು ಲೆಕ್ಕಗಳು ಬೇರೆ ಬೇರೆಯಾಗಿ ನಡೆಯುತ್ತವೆಂಬುದನ್ನು ತಿಳಿಯದವನಿಗೆ ಆ ಛಂದಸ್ಸಿನ ಲಯ ದಕ್ಕುವುದಿಲ್ಲ. ಕಲಿಸಬೇಕಾದದ್ದು ಈ ತಿಳಿವಳಿಕೆಯನ್ನು. ಮೂರು, ನಾಲ್ಕು ಎಂಬ ಸಂಖ್ಯೆಗಳನ್ನಲ್ಲ.

7. ನಮಗೆ ಇದರ ಪ್ರಸ್ತುತತೆ

ಕನ್ನಡದಲ್ಲಿ ಆಘಾತವು ಅರ್ಥಭೇದಕವಲ್ಲ. ಹೀಗಾಗಿ ಪದದ ಗಡಿಯನ್ನು ಆಘಾತದಿಂದ ಗುರುತಿಸುವ ಅನುಕೂಲ ನಮಗಿಲ್ಲ. ಆದರೆ ಸಮಸ್ಯೆ ನಮಗೂ ಇದೆ. ‘ಬರೆದಿದ್ದೇವೆ’ ಎಂಬುದನ್ನು ಒಂದೇ ಪದವಾಗಿ ಬರೆಯುತ್ತೇವೆ. ಆದರೆ ‘ಬರೆದೂ ಇದ್ದೇವೆ’, ‘ಬರೆದೇ ಇದ್ದೇವೆ’ ಎಂದು ನಡುವೆ ಅವಧಾರಣೆಯನ್ನು ತರಬಹುದು. ‘ಬರೆದೆವು’ ಎಂಬುದರಲ್ಲಿ ಅಂತಹ ಸಂದು ಇಲ್ಲ. ‘ಎವು’ ಕರಗಿ ಪ್ರತ್ಯಯವಾಗಿದೆ, ‘ಇದ್ದೇವೆ’ ಇನ್ನೂ ಆಗಿಲ್ಲ. ಬರಹದಲ್ಲಿ ಒಂದೇ ಆಗಿ ಕಾಣುವ ಎರಡು ರೂಪಗಳ ಒಳಗಿನ ಬಿಗಿತ ಬೇರೆ ಬೇರೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಧಿಪ್ರಕರಣವನ್ನು ಮೊದಲಿಗಿಟ್ಟು ಆಖ್ಯಾತಕ್ಕೆ ಆಮೇಲೆ ಬರುವ ಕ್ರಮದಲ್ಲಿಯೂ ಈ ವಿವೇಕಕ್ಕೆ ಒಪ್ಪುವ ಜೋಡಣೆಯಿದೆ: ಸೇರುವೆಯನ್ನು ಅರಿತ ಮೇಲೆ ರೂಪದ ವಿಚಾರ.

ಆದ್ದರಿಂದ ನಮ್ಮ ಭಾಷಾವಿಜ್ಞಾನದ ತರಗತಿಗಳಲ್ಲಿ ಪೋಲಿಷ್ ಭಾಷೆಯ ಪ್ರಸ್ತಾಪ ಬಂದಾಗ ಉಪಾಂತ್ಯದ ಸೂತ್ರವನ್ನು ಹೇಳಿ ಮುಂದೆ ಸಾಗುವ ಬದಲು, ಪಿಸಲಿ, ಪಿಸಲಿಶ್ಮಿ, ಪಿಸಲಿಬಿಶ್ಮಿ ಎಂಬ ಮೂರು ರೂಪಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಆಘಾತ ಎಲ್ಲಿ ನಿಂತಿದೆಯೆಂದು ತೋರಿಸುವುದು ಹೆಚ್ಚು ಪ್ರಯೋಜನಕರ. ಅದರ ಪಕ್ಕದಲ್ಲಿ ಪಿಸವ್, ಪಿಸವೆಮ್ ಎಂಬ ಜೋಡಿಯನ್ನೂ ಬರೆಯಬೇಕು. ವ್ಯಾಕರಣದಲ್ಲಿ ಅಪವಾದವೆಂದು ಕರೆಯಲ್ಪಡುವುದು ಎಷ್ಟೋ ಸಲ ನಾವು ಗಡಿಯನ್ನು ತಪ್ಪಾಗಿ ಎಳೆದುದರ ಫಲವಾಗಿರಬಹುದೆಂಬುದನ್ನು ವಿದ್ಯಾರ್ಥಿಗೆ ಮನಗಾಣಿಸಲು ಈ ಐದು ರೂಪಗಳು ಸಾಕು.